ಕೋಳಿಗೂಡಿನ ಪಕ್ಕ ಸಿಕ್ಕ ಕುರ್ಚಿ: ಎಸೆದ ಮರದ ಸಾಮಾನನ್ನು ಮತ್ತೆ ಮನೆಗೆ ತರುವ ಕೆಲಸ

ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದಲ್ಲಿ, ಕೆಲಸಗಾರರ ಲೈನ್ ಮನೆಯ ಹಿಂದೆ, ಕೋಳಿಗೂಡಿಗೆ ಒರಗಿಸಿ ಇಟ್ಟಿದ್ದ ಈಸಿ ಚೇರ್ ಅದು. ಉದ್ದ ಕೈಗಳಿದ್ದವು, ಕಾಲು ಚಾಚಿ ಕೂರುವಂಥದ್ದು. ಬೆತ್ತ ಪೂರ್ತಿ ಹರಿದಿತ್ತು. ಮೈಮೇಲೆಲ್ಲ ಹಸಿರು ಪಾಚಿ.

"ಅಕ್ಕ, ಇದು ಯಾರಿಗೂ ಬೇಡ್ವಾ?" ಎಂದು ಆ ಮನೆಯಾಕೆಯನ್ನು ಕೇಳಿದೆ.

"ಸೌದೆ ಮಾಡ್ಕೊಳ್ಳಿ ಅಂತ ಕೊಟ್ಟಿದ್ರು. ಕೊಡಲಿ ಹಾಕಿದ್ರೆ ಸೀಳೋದೇ ಇಲ್ಲ. ಬೇಕಿದ್ರೆ ತಗೊಂಡು ಹೋಗಿ," ಎಂದರು.

ಕಾಲಿನ ಅಡಿಭಾಗವನ್ನು ಉಗುರಿನಿಂದ ಕೆರೆದು ನೋಡಿದೆ. ಪಾಚಿಯ ಕೆಳಗೆ ನೇರಳೆ ಮಿಶ್ರಿತ ಕಪ್ಪು ಬಣ್ಣ. ಬೀಟೆ ಮರ! ತೋಟದ ಮಾಲೀಕರಿಗೂ ಒಂದು ಫೋನ್ ಮಾಡಿ ಕೇಳಿ, ಜೀಪಿಗೆ ಹಾಕಿಕೊಂಡು ಬಂದೆ. ಈಗ ಅದು ನಮ್ಮ ಜಗಲಿಯಲ್ಲಿದೆ. ಸಿಕ್ಕ ದಿನದಿಂದ ಅದರ ಮೇಲೆ ಕೂರುವ ದಿನದವರೆಗೆ ಎಂಟು ತಿಂಗಳು ಹಿಡಿಯಿತು. ಕೈಕೆಲಸ ಲೆಕ್ಕ ಹಾಕಿದರೆ ಹತ್ತು ದಿನ ಇರಬಹುದು. ಉಳಿದದ್ದೆಲ್ಲ ಕಾಯುವುದು.

ನಾನು ಇಲ್ಲಿ ಹೇಳಬೇಕಾದ ಮುಖ್ಯ ಮಾತು ಅದೇ. ಬೇರೆ ಊರಿನವರು ತೋರಿಸುವ ವಿಧಾನಗಳಲ್ಲಿ ಶನಿವಾರ ತಂದ ಕುರ್ಚಿ ಭಾನುವಾರ ಹೊಳೆಯುತ್ತದೆ. ನಮ್ಮ ಕೊಡಗಿನಲ್ಲಿ ಅದು ಆಗುವುದಿಲ್ಲ. ಇಲ್ಲಿ ಮರಕ್ಕೆ ಶತ್ರು ತೇವ. ಮಳೆಗಾಲದಲ್ಲಿ ಸಿಕ್ಕಿದ್ದನ್ನು ಮಳೆಗಾಲದಲ್ಲೇ ಮುಗಿಸಲು ಹೋದರೆ ಮರವೂ ಹಾಳು, ಪಾಲಿಶೂ ಹಾಳು. ಜೂನ್‌ನಿಂದ ಸೆಪ್ಟೆಂಬರ್ ತನಕ ಹುಡುಕಿ, ತಂದು, ನೆರಳಲ್ಲಿಡಿ. ಮಳೆ ಬಿಟ್ಟ ಮೇಲೆ ರಿಪೇರಿ ಮಾಡಿ. ಕಾಫಿ ಕೊಯ್ಲಿನ ಬಿಸಿಲಿನಲ್ಲಿ, ಅಂದರೆ ಜನವರಿಯಿಂದ ಮಾರ್ಚ್ ಒಳಗೆ ಪಾಲಿಶ್ ಹಾಕಿ.

ಎಲ್ಲಿ ಸಿಗುತ್ತದೆ, ಯಾವುದನ್ನು ತರಬೇಕು

ಹಳೇ ಮನೆ ಕೆಡವುವ ಜಾಗ, ಹೋಂಸ್ಟೇಗೆಂದು ಹೊಸದಾಗಿ ಮಾಡುತ್ತಿರುವ ಬಂಗಲೆ, ತೋಟದ ಗೋಡೌನಿನ ಮೂಲೆ, ಮನೆ ಖಾಲಿ ಮಾಡುವವರ ಗೇಟಿನ ಹೊರಗೆ. ಹುತ್ತರಿ ಹಬ್ಬಕ್ಕೆ ಮುಂಚೆ ಮನೆ ಸುಣ್ಣಬಣ್ಣ ಮಾಡುವಾಗಲೂ ಬಹಳ ಸಾಮಾನು ಹೊರಬೀಳುತ್ತದೆ. ಎಲ್ಲೇ ಸಿಗಲಿ, ಕೇಳಿಯೇ ತನ್ನಿ. ರಸ್ತೆ ಬದಿಯಲ್ಲಿದ್ದರೂ ಪಕ್ಕದ ಮನೆಯ ಬಾಗಿಲು ತಟ್ಟಿ ಒಂದು ಮಾತು ಕೇಳುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆ: ಕುರ್ಚಿ, ಮೇಜು ಬೇರೆ, ಬಿಡಿ ದಿಮ್ಮಿ, ಹಲಗೆ ಬೇರೆ. ಯಾರಾದರೂ ಬೀಟೆ ಅಥವಾ ತೇಗದ ಬಿಡಿ ಹಲಗೆ ಪುಕ್ಕಟೆ ಕೊಡುತ್ತೇವೆ ಎಂದರೆ, ಗಾಡಿಗೆ ಹಾಕುವ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಮರ ಸಾಗಿಸುವ ಪಾಸಿನ ಬಗ್ಗೆ ವಿಚಾರಿಸಿ.

ಎಲ್ಲವನ್ನೂ ಉಳಿಸಲು ಆಗುವುದಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಮನೆಗಳಿಗೆ ನೀರು ನುಗ್ಗಿದಾಗ, ನೀರು ಇಳಿದ ಮೇಲೆ ಜನ ಮನೆಯ ಸಾಮಾನನ್ನೆಲ್ಲ ರಸ್ತೆಗೆ ತಂದು ಹಾಕಿದ್ದರು. ಪಾರ್ಟಿಕಲ್ ಬೋರ್ಡಿನ ಬೀರುಗಳು ನೆನೆದ ಬಿಸ್ಕತ್ತಿನ ಹಾಗೆ ಊದಿದ್ದವು. ಅವು ಒಣಗಿದರೂ ಮತ್ತೆ ಗಟ್ಟಿಯಾಗುವುದಿಲ್ಲ. ಗಟ್ಟಿ ಮರದ ಮಂಚ, ಸ್ಟೂಲುಗಳು ಮಾತ್ರ ಕೆಸರು ತೊಳೆದ ಮೇಲೆ ಉಳಿದುಕೊಂಡವು. ಹಾಗಾಗಿ ಮೊದಲ ನಿಯಮ: ಗಟ್ಟಿ ಮರ ತನ್ನಿ, ಊದಿದ ಬೋರ್ಡು ಬಿಡಿ. ಸ್ಪಂಜಿನ ಸೋಫಾ, ಹಾಸಿಗೆ ತರಬೇಡಿ. ಸಂದಿಯಲ್ಲಿ ಕಪ್ಪು ಚುಕ್ಕೆ ಕಂಡರೆ ತಿಗಣೆ ಇದೆ ಅಂತಲೇ ತಿಳಿದು ಬಿಟ್ಟುಬಿಡಿ.

ಯಾವ ಮರ ಎಂದು ತಿಳಿಯಲು ಬಣ್ಣ ಬಳಿಯದ ಜಾಗ ನೋಡಿ. ಮೇಜಿನ ಅಡಿ, ಡ್ರಾಯರಿನ ಹಿಂಭಾಗ, ಕಾಲಿನ ತುದಿ. ಬೀಟೆ ತೂಕ, ನೇರಳೆ ಕಪ್ಪು, ಉಜ್ಜಿದರೆ ಸಿಹಿ ವಾಸನೆ. ತೇಗ ಮುಟ್ಟಿದರೆ ಸ್ವಲ್ಪ ಎಣ್ಣೆ ಎಣ್ಣೆ, ವಾಸನೆ ಚರ್ಮದ ಹಾಗೆ. ಹಲಸು ಹೊಸದರಲ್ಲಿ ಹಳದಿ, ಬೆಳಕಿಗೆ ಬಿದ್ದು ಬಿದ್ದು ಕಂದಾಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಬರಿ ಮರವನ್ನು ಒರೆಸಿದಾಗ ಹಳದಿ ಕಂದು ಬಣ್ಣ ಬಿಟ್ಟರೆ ಹೊನ್ನೆ ಇರಬಹುದು. ಹಗುರವಾಗಿದ್ದು ಮೈಮೇಲೆ ಮಿನುಗುವ ಚುಕ್ಕೆ ಕಂಡರೆ ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದು ನಮ್ಮ ತೋಟಗಳ ನೆರಳಾದ ಮರ ಅದು. ಅದನ್ನು ಕೀಳಾಗಿ ನೋಡಬೇಡಿ, ಪಾಲಿಶ್ ಹಾಕಿದರೆ ಆ ಚುಕ್ಕೆಗಳೇ ಅದರ ಚೆಂದ.

ಹುಳು ಇದೆಯಾ?

ಮನೆಯೊಳಗೆ ತರುವ ಮೊದಲು ಇದನ್ನು ನೋಡಲೇಬೇಕು. ಇಲ್ಲದಿದ್ದರೆ ಒಂದು ಪುಕ್ಕಟೆ ಸ್ಟೂಲಿನಿಂದ ಮನೆಯ ಬಾಗಿಲು ಚೌಕಟ್ಟಿಗೂ ಕುಟ್ಟೆ ಹುಳು ಹತ್ತಬಹುದು. ಮರದಲ್ಲಿ ಸೂಜಿ ಮೊನೆಯಷ್ಟು, 1-2 ಮಿಲಿಮೀಟರಿನ ತೂತುಗಳಿವೆಯಾ ನೋಡಿ. ತೂತು ಇದ್ದ ಮಾತ್ರಕ್ಕೆ ಹುಳು ಈಗಲೂ ಇದೆ ಎಂದಲ್ಲ. ಹುಳು ಹೊರಟುಹೋಗಿ ವರ್ಷಗಳಾಗಿರಬಹುದು. ತಿಳಿಯುವ ದಾರಿ ಸುಲಭ. ಸಾಮಾನನ್ನು ಶೆಡ್ಡಿನಲ್ಲಿ ಇಟ್ಟು, ಚೆನ್ನಾಗಿ ತಟ್ಟಿ ಹಳೇ ಪುಡಿ ಉದುರಿಸಿ, ಪ್ರತಿ ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿ. ಎರಡು ವಾರ ಮುಟ್ಟಬೇಡಿ. ಕಾಗದದ ಮೇಲೆ ಮೈದಾ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಒಳಗೆ ಜೀವ ಇದೆ.

ಈ ಹುಳು ತಿನ್ನುವುದು ಹೆಚ್ಚಾಗಿ ಮರದ ಅಂಚಿನ ಬಿಳಿ ಭಾಗವನ್ನು. ಒಳಗಿನ ಗಟ್ಟಿ ಭಾಗವಾದ ಕೆಚ್ಚು ಅದಕ್ಕೆ ರುಚಿಸುವುದಿಲ್ಲ. ನನ್ನ ಕುರ್ಚಿಯ ಎಡಗಾಲಿನಲ್ಲಿ ಎರಡು ಬೆರಳಗಲ ಬಿಳಿ ಭಾಗ ಇತ್ತು, ಪುಡಿ ಬಿದ್ದದ್ದು ಅಲ್ಲಿಂದ ಮಾತ್ರ.

ಮದ್ದು ಹೀಗೆ: 1 ಲೀಟರ್ ಬಿಸಿ ನೀರಿಗೆ 60 ಗ್ರಾಂ ಬಿಳಿಗಾರ ಮತ್ತು 40 ಗ್ರಾಂ ಬೋರಿಕ್ ಪುಡಿ ಹಾಕಿ ಪೂರ್ತಿ ಕರಗಿಸಿ. ಪಾಲಿಶ್ ತೆಗೆದ ಬರಿ ಮರಕ್ಕೆ ಬ್ರಷ್‌ನಲ್ಲಿ ಧಾರಾಳವಾಗಿ ಹಚ್ಚಿ, ತೂತುಗಳಿಗೆ ಸಿರಿಂಜಿನಲ್ಲಿ ಬಿಡಿ. ಮಾರನೇ ದಿನ ಇನ್ನೊಮ್ಮೆ. ಪಾಲಿಶ್ ಇರುವ ಮರದೊಳಗೆ ಇದು ಇಳಿಯುವುದಿಲ್ಲ, ಅದಕ್ಕೇ ಮೊದಲು ಪಾಲಿಶ್ ತೆಗೆಯಬೇಕು. ಮಳೆಗೆ ತೊಳೆದುಹೋಗುವ ಮದ್ದು, ಒಳಗಿಡುವ ಸಾಮಾನಿಗೆ ಮಾತ್ರ ಸರಿ. ಕೈಗವಸು ಹಾಕಿಕೊಳ್ಳಿ. ಅಡುಗೆ ಪಾತ್ರೆಯಲ್ಲಿ ಕಲಸಬೇಡಿ, ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ. ಗೆದ್ದಲು ತಿಂದು ಒಳಗೆ ಟೊಳ್ಳಾದ ಕಾಲಿಗೆ ಯಾವ ಮದ್ದೂ ಇಲ್ಲ. ಆ ಕಾಲನ್ನೇ ಬದಲಿಸಬೇಕು.

ಒಣಗಿಸುವುದು

ಬಹಳ ಜನ ತಪ್ಪುವುದು ಇಲ್ಲಿ. ಒದ್ದೆ ಮರ ತಂದ ಕೂಡಲೇ ಕಾಫಿ ಕಣದ ಬಿಸಿಲಿಗೆ ಇಟ್ಟುಬಿಡುತ್ತಾರೆ. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ್ನೂ ಹಸಿ. ಆಗ ಮರ ಬಿರಿಯುತ್ತದೆ. ನಾನು ಹೀಗೆ ಒಂದು ಹಲಸಿನ ಮಣೆಯನ್ನು ಉದ್ದಕ್ಕೂ ಸೀಳು ಬಿಡಿಸಿದ್ದೇನೆ. ಮೂರು ತಲೆಮಾರು ಕೂತು ಉಂಡ ಮಣೆ, ಒಂದು ಮಧ್ಯಾಹ್ನದಲ್ಲಿ ಹೋಯಿತು. ಈಗಲೂ ಬೇಸರವಾಗುತ್ತದೆ.

ಸರಿಯಾದ ಕ್ರಮ ಹೀಗಿದೆ. ಪಾಚಿ, ಬೂಷ್ಟನ್ನು ಹೊರಗೆ, ಮಾಸ್ಕ್ ಹಾಕಿಕೊಂಡು ಗಟ್ಟಿ ಬ್ರಷ್‌ನಲ್ಲಿ ತೆಗೆಯಿರಿ. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಬೂಷ್ಟು ಹಿಡಿದ ಜಾಗಕ್ಕೆ ವಿನೆಗರ್ ಒರೆಸಬಹುದು. ಆದರೆ ವಿನೆಗರ್ ಮತ್ತು ಬ್ಲೀಚನ್ನು ಎಂದೂ ಒಟ್ಟಿಗೆ ಬಳಸಬೇಡಿ, ವಿಷಗಾಳಿ ಏಳುತ್ತದೆ. ಆಮೇಲೆ ಸಾಮಾನನ್ನು ಇಟ್ಟಿಗೆಯ ಮೇಲೆ, ಗೋಡೆಯಿಂದ ದೂರ, ಗಾಳಿ ಆಡುವ ನೆರಳಲ್ಲಿ ನಿಲ್ಲಿಸಿ. ಡ್ರಾಯರುಗಳನ್ನು ಹೊರಗೆ ಎಳೆದಿಡಿ. ಅಡುಗೆ ಒಲೆಯ ಬಿಸಿ ಇರುವ ಜಾಗವಾದರೆ ಒಳ್ಳೆಯದು, ಒಲೆಯ ಹತ್ತಿರ ಮಾತ್ರ ಬೇಡ.

ಎಷ್ಟು ದಿನ? ಇದಕ್ಕೆ ನಮ್ಮಲ್ಲೇ ಒಂದು ಒಳ್ಳೆ ಸಲಕರಣೆ ಇದೆ: ಕಾಫಿ ಮೂಟೆ ತೂಗುವ ತಕ್ಕಡಿ. ಕುರ್ಚಿಯನ್ನು ವಾರಕ್ಕೊಮ್ಮೆ ತೂಗಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ನೀರು ಹೋದಂತೆ ತೂಕ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವುದರಿಂದ ಇಳಿಕೆ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ, ಅದನ್ನು ನೋಡಿ ಒಣಗಿತು ಅಂದುಕೊಳ್ಳಬೇಡಿ. ನವೆಂಬರಿನಲ್ಲಿ ಮತ್ತೆ ಇಳಿಯಲು ಶುರುವಾಗುತ್ತದೆ. ಒಣ ಹವೆಯಲ್ಲಿ ಮೂರು ವಾರ ಒಂದೇ ತೂಕ ಬಂದರೆ ಮರ ಸಿದ್ಧ.

ಹಳೇ ಪೇಂಟು, ಹಳೇ ಪಾಲಿಶು

ಪೇಂಟ್ ಇದ್ದರೆ ಒಣಗಿದ್ದನ್ನು ಹಾಗೇ ಉಜ್ಜಬೇಡಿ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಪೇಂಟಿನಲ್ಲಿ ಸೀಸ ಇದೆ ಎಂದೇ ಎಣಿಸಿ ಕೆಲಸ ಮಾಡಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಮನೆಯ ಹೊರಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಪೇಂಟ್ ರಿಮೂವರ್ ಹಚ್ಚಿ, ಪೇಂಟ್ ಗುಳ್ಳೆ ಎದ್ದ ಮೇಲೆ ಪುಟ್ಟಿ ಬ್ಲೇಡಿನಲ್ಲಿ ಕೆರೆಯಿರಿ. ಉಳಿದದ್ದನ್ನು ನೀರು ತಾಗಿಸಿಕೊಂಡು ವಾಟರ್ ಪೇಪರಿನಲ್ಲಿ ಉಜ್ಜಿ. ಕೆರೆದದ್ದನ್ನು ಕಟ್ಟಿ ಎಸೆಯಿರಿ, ಒಲೆಗೆ ಹಾಕಬೇಡಿ. ಗರ್ಭಿಣಿಯರು, ಮಕ್ಕಳು ಹತ್ತಿರ ಇರಬಾರದು.

ಪೇಂಟ್ ಇಲ್ಲದೆ ಪಾಲಿಶ್ ಮಾತ್ರ ಇದ್ದರೆ, ಅದು ಯಾವುದೆಂದು ಮೊದಲು ತಿಳಿಯಿರಿ. ಹತ್ತಿಯನ್ನು ಸ್ಪಿರಿಟಿನಲ್ಲಿ (ಪಾಲಿಶಿಗೆ ಬಳಸುವ, ಕುಡಿಯಬಾರದ ಮದ್ಯಸಾರ) ಅದ್ದಿ, ಕಾಣದ ಜಾಗದಲ್ಲಿ ಒಂದು ನಿಮಿಷ ಒತ್ತಿ. ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಹಳೇ ಬಂಗಲೆಗಳ ಸಾಮಾನಿನಲ್ಲಿ ಇದೇ ಜಾಸ್ತಿ. ಹಾಗಾದರೆ ನಿಮ್ಮ ಅರ್ಧ ಕೆಲಸ ಕಡಿಮೆ. ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದಲೇ ಒರೆಸಿ ತೆಗೆಯಬಹುದು. ಸ್ಪಿರಿಟಿಗೆ ಬಗ್ಗದೆ ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್, ಅದಕ್ಕೆ ರಿಮೂವರೇ ಬೇಕು.

ಅಲುಗಾಡುವ ಕಾಲು

ಕುರ್ಚಿ ಅಲ್ಲಾಡಿದರೆ ಎಲ್ಲರೂ ಮೊದಲು ಹುಡುಕುವುದು ಮೊಳೆ. ದಯವಿಟ್ಟು ಬೇಡ. ಮೊಳೆ ಮರವನ್ನು ಸೀಳುತ್ತದೆ, ನಮ್ಮ ತೇವಕ್ಕೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪಾಗಿಸುತ್ತದೆ, ಮುಂದೆ ಬಿಚ್ಚುವವರಿಗೆ ದಾರಿಯೂ ಇರುವುದಿಲ್ಲ.

ಒಳ್ಳೆ ಕುರ್ಚಿಯಲ್ಲಿ ಕಾಲಿಗೆ ಕುಳಿ ಕೊರೆದು, ಅಡ್ಡಪಟ್ಟಿಯ ಮೂತಿಯನ್ನು ಅದರೊಳಗೆ ಕೂಡಿಸಿ ಅಂಟು ಹಾಕಿರುತ್ತಾರೆ. ಹಳೇ ಕಾಲದ್ದಾದರೆ ಅಂಟು ಸರೇಸು, ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ್ದು. ಅದು ಬಿಸಿನೀರಿಗೆ ಮೆತ್ತಗಾಗುತ್ತದೆ. ಮಾಡಿದವರು ರಿಪೇರಿಗೆ ದಾರಿ ಬಿಟ್ಟೇ ಮಾಡಿದ್ದಾರೆ ಅನ್ನಿಸುತ್ತದೆ, ಅಲ್ವಾ? ಸಂದಿಗೆ ಬಿಸಿನೀರಿನ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ. ಮರದ ತುಂಡಿಗೆ ಬಟ್ಟೆ ಸುತ್ತಿ, ಅದರ ಮೇಲೆ ಮೆಲ್ಲಗೆ ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿ. ಬಿಚ್ಚುವ ಮುಂಚೆ ಪ್ರತಿ ತುಂಡಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿ, ಫೋಟೋ ತೆಗೆದಿಡಿ.

ನಮ್ಮ ಊರಿನ ಹಿರಿಯ ಆಚಾರಿಯವರೊಬ್ಬರು ನನ್ನ ಮೊದಲ ರಿಪೇರಿ ನೋಡಿ, ಕುರ್ಚಿಯನ್ನು ತಲೆಕೆಳಗೆ ಮಾಡಿ, ಸಂದಿಯೊಳಗೆ ಕಿರುಬೆರಳು ಇಟ್ಟರು. "ಹಳೇ ಅಂಟು ಕೆರೆದಿಲ್ಲ ನೀವು. ಅಂಟಿನ ಮೇಲೆ ಅಂಟು ಕೂರಲ್ಲ, ಮರಕ್ಕೆ ಅಂಟಬೇಕು," ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಕುಳಿಯೊಳಗೆ, ಮೂತಿಯ ಮೇಲೆ ಬರಿ ಮರ ಕಾಣುವ ತನಕ ಉಳಿ ತುದಿಯಲ್ಲಿ ಕೆರೆಯಿರಿ. ಮರ ಮಾತ್ರ ಸವೆಯಬಾರದು. ಬಿಸಿನೀರು ತಾಗಿದ ಸಂದಿ ಎರಡು ದಿನ ಒಣಗಲಿ. ಮೂತಿ ಸಡಿಲವಾಗಿದ್ದರೆ ಅದೇ ಮರದ ತೆಳು ಸಿಬಿರನ್ನು ಅದಕ್ಕೆ ಅಂಟಿಸಿ ದಪ್ಪ ಮಾಡಿ. ಆಮೇಲೆ ಫೆವಿಕಾಲ್ ಹಚ್ಚಿ ಕೂಡಿಸಿ.

ಕ್ಲ್ಯಾಂಪ್ ಇಲ್ಲದಿದ್ದರೂ ನಡೆಯುತ್ತದೆ. ನಾಲ್ಕು ಕಾಲಿಗೂ ಸುತ್ತಿ ಹತ್ತಿ ಹಗ್ಗ ಕಟ್ಟಿ, ಹಗ್ಗದ ನಡುವೆ ಒಂದು ಕೋಲು ತೂರಿಸಿ ತಿರುಚಿ. ಬಿಗಿಯಾದ ಮೇಲೆ ಕೋಲನ್ನು ಪಟ್ಟಿಗೆ ಕಟ್ಟಿಬಿಡಿ. ಹೊರಗೆ ಉಕ್ಕಿದ ಅಂಟನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದರೆ ಆ ಜಾಗ ಪಾಲಿಶ್ ಹಿಡಿಯುವುದಿಲ್ಲ. ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಕಾಲು ನೆಲಕ್ಕೆ ತಾಗುತ್ತಿವೆಯಾ ನೋಡಿ, 24 ಗಂಟೆ ಬಿಡಿ. ಹವೆ ತಣ್ಣಗಿದ್ದರೆ ಎರಡು ದಿನ.

ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದರೆ ಕಾಯಿಸಿದ ಕಬ್ಬಿಣದ ತುದಿಯನ್ನು ಅದರ ತಲೆಗೆ ಸ್ವಲ್ಪ ಹೊತ್ತು ಒತ್ತಿಡಿ. ತಣ್ಣಗಾದ ಮೇಲೆ ಸಡಿಲವಾಗುತ್ತದೆ. ಹಿತ್ತಾಳೆ ಹಿಡಿಗಳನ್ನು ಬೆಳಗಲು ಹುಣಸೆಹಣ್ಣು ಸಾಕು.

ಉಜ್ಜುವುದು

ಸ್ಯಾಂಡ್ ಪೇಪರ್ 120ರಿಂದ ಶುರು ಮಾಡಿ, 180, ಆಮೇಲೆ 220. ಬಹಳ ಒರಟಾಗಿದ್ದರೆ ಮಾತ್ರ 80. ಯಾವಾಗಲೂ ಮರದ ಎಳೆ ಹೋದ ಕಡೆಗೇ ಉಜ್ಜಿ. ಅಡ್ಡ ಉಜ್ಜಿದ ಗೀರು ಈಗ ಕಾಣದಿದ್ದರೂ ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಬೀಟೆಯ ಧೂಳು ಕೆಲವರಿಗೆ ಮೈ ತುರಿಕೆ, ಉಬ್ಬಸ ತರುತ್ತದೆ, ಮಾಸ್ಕ್ ಬೇಕೇ ಬೇಕು. ಸ್ಟೀಲ್ ಉಣ್ಣೆಯನ್ನು ಒದ್ದೆ ಮರದ ಮೇಲೆ ಬಳಸಬೇಡಿ, ಕಬ್ಬಿಣದ ಚೂರು ಉಳಿದು ಕಪ್ಪು ಕಲೆ ಆಗುತ್ತದೆ. ಮೇಜಿನ ಮೇಲ್ಮೈ ವಿನೀರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಪದರ ಆಗಿದ್ದರೆ 220ರಿಂದಲೇ ಹಗುರಕ್ಕೆ ಉಜ್ಜಿ, ಒಂದು ಸಲ ತೂತು ಬಿದ್ದರೆ ಮುಚ್ಚಲಾಗುವುದಿಲ್ಲ.

ಒಂದು ಮಾತು. ಎಲ್ಲ ಗುರುತನ್ನೂ ಅಳಿಸಬೇಕಿಲ್ಲ. ನನ್ನ ಕುರ್ಚಿಯ ಬಲಗೈ ಮೇಲೆ ಲೋಟ ಇಟ್ಟೂ ಇಟ್ಟೂ ಬಿದ್ದ ಉಂಗುರದ ಗುರುತಿತ್ತು, ಅಂಚಿನಲ್ಲಿ ಕೈ ಸವರಿ ಸವರಿ ನುಣುಪಾದ ತಗ್ಗಿತ್ತು. ಉಂಗುರ ತೆಗೆದೆ, ತಗ್ಗನ್ನು ಹಾಗೇ ಬಿಟ್ಟೆ. ಅದು ಕೈಯಿಂದ ಆದದ್ದು, ಕೈಗೆ ಹಿತವಾಗಿದೆ.

ಪಾಲಿಶ್

ಫ್ರೆಂಚ್ ಪಾಲಿಶ್ ನನಗೆ ಇಷ್ಟ. ಕೆಟ್ಟರೆ ಸರಿಮಾಡುವುದು ಸುಲಭ. 1 ಲೀಟರ್ ಸ್ಪಿರಿಟಿಗೆ 150 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಿ, ಆಗಾಗ ಅಲ್ಲಾಡಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಬೇಕಾದಷ್ಟೇ ಮಾಡಿಕೊಳ್ಳಿ. ತಿಂಗಳುಗಟ್ಟಲೆ ಇಟ್ಟ ದ್ರಾವಣ ಹಚ್ಚಿದರೆ ಅಂಟು ಆರುವುದೇ ಇಲ್ಲ. ಸ್ಪಿರಿಟ್ ವಿಷ, ಬೆಂಕಿಗೂ ಬೇಗ ಹತ್ತುತ್ತದೆ. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಬೇಡ.

ಹತ್ತಿಯ ಉಂಡೆಯನ್ನು ಹಳೇ ಪಂಚೆಯ ಬಟ್ಟೆಯಲ್ಲಿ ಸುತ್ತಿ, ಒಳಗಿನ ಹತ್ತಿಗೆ ಪಾಲಿಶ್ ಹಾಕಿ, ಹಿಂಡಿದರೆ ಬಟ್ಟೆಯ ಮೇಲೆ ತೇವ ಕಾಣುವಷ್ಟು. ಎಳೆಯ ಉದ್ದಕ್ಕೆ ಒಂದೇ ಸಮನೆ ಎಳೆಯಿರಿ. ನಡುವೆ ನಿಲ್ಲಿಸಿದರೆ ಬಟ್ಟೆ ಅಂಟಿಕೊಂಡು ಗುರುತು ಬೀಳುತ್ತದೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಕೈ. ನಾಲ್ಕು ಕೈ ಆದ ಮೇಲೆ ರಾತ್ರಿ ಬಿಟ್ಟು, 320ರ ಪೇಪರಿನಲ್ಲಿ ಹಗುರಕ್ಕೆ ಸವರಿ, ಮತ್ತೆ ನಾಲ್ಕು ಕೈ.

ಇದನ್ನು ಆಗಸ್ಟಿನಲ್ಲಿ ಮಾಡಿದರೆ ಗಾಳಿಯ ತೇವ ಪಾಲಿಶಿನೊಳಗೆ ಸೇರಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ನನ್ನ ಮೊದಲ ಟೀಪಾಯಿ ಹಾಗೇ ಆಯಿತು, ಪೂರ್ತಿ ತೆಗೆದು ಫೆಬ್ರವರಿಯಲ್ಲಿ ಮತ್ತೆ ಹಾಕಿದೆ. ಬಿಸಿಲು ಏರಿದ ಮೇಲೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ, ನೆರಳಲ್ಲಿ ಕೂತು ಹಚ್ಚಿ.

ಬಿಸಿ ಕಾಫಿ ಲೋಟ ಇಡುವ ಟೀಪಾಯಿ, ಊಟದ ಮೇಜಿಗೆ ಫ್ರೆಂಚ್ ಪಾಲಿಶ್ ತಡೆಯುವುದಿಲ್ಲ. ಅವಕ್ಕೆ ಪಿಯು (ಪಾಲಿಯುರೆಥೇನ್) ವಾರ್ನಿಶ್, ಮೂರು ತೆಳು ಕೈ, ನಡುವೆ 24 ಗಂಟೆ. ಅಗಸೆ ಎಣ್ಣೆ ಹಚ್ಚಲು ಹಲವರು ಹೇಳುತ್ತಾರೆ. ನಮ್ಮ ಕಡೆ ಅದರ ಮೇಲೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ, ನಾನು ಬಿಟ್ಟಿದ್ದೇನೆ. ಬಳಸುವವರು ಒಂದು ವಿಷಯ ಮರೆಯಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಿ.

ಯಾವ ಪಾಲಿಶ್ ಆದರೂ ಅಡಿಭಾಗಕ್ಕೂ ಹಚ್ಚಿ. ಮೇಲೆ ಮಾತ್ರ ಹಚ್ಚಿದರೆ ಮಳೆಗಾಲದಲ್ಲಿ ಕೆಳಗಿನ ಮೈ ನೀರು ಕುಡಿದು ಹಿಗ್ಗಿ, ಹಲಗೆ ಸೊಟ್ಟಗಾಗುತ್ತದೆ. ಕಾಲಿನ ತುದಿಗೆ ಎರಡು ಕೈ ಜಾಸ್ತಿಯೇ ಹಾಕಿ, ನೆಲದ ತೇವ ಏರುವುದು ಅಲ್ಲಿಂದ.

ಬೆತ್ತ

ಬೆತ್ತ ಹರಿಯದೆ ಜೋತು ಮಾತ್ರ ಬಿದ್ದಿದ್ದರೆ ಕುರ್ಚಿ ಬೋರಲು ಹಾಕಿ, ಅಡಿಯಿಂದ ಬಿಸಿನೀರಿನ ಬಟ್ಟೆ ಒತ್ತಿ ಚೆನ್ನಾಗಿ ನೆನೆಸಿ, ಯಾರೂ ಕೂರದ ಹಾಗೆ ಎರಡು ದಿನ ನೆರಳಲ್ಲಿ ಬಿಡಿ. ಒಣಗುತ್ತಾ ಬಿಗಿಯಾಗುತ್ತದೆ. ಹರಿದಿದ್ದರೆ ಹೊಸದಾಗಿ ಹೆಣೆಯಬೇಕು. ಕಾಡಿನಿಂದ ಬೆತ್ತ ಕಡಿದು ತರಬೇಡಿ, ಅಂಗಡಿಯ ಸೀಳು ಬೆತ್ತ ಕೊಳ್ಳಿ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೊಮ್ಮೆ ಎರಡನ್ನೂ, ಕೊನೆಗೆ ಎರಡು ಮೂಲೆಗಳಿಂದ ಓರೆಯಾಗಿ. ನಾನು ಈ ಕುರ್ಚಿಗೆ ಹೆಣೆಯಲು ನಾಲ್ಕು ದಿನ ತೆಗೆದುಕೊಂಡೆ. ಪಾಲಿಶ್ ಮುಗಿದ ಮೇಲೇ ಹೆಣೆಯಿರಿ.

ಮನೆಯೊಳಗೆ ಬಂದ ಮೇಲೂ ಮಳೆಗಾಲದಲ್ಲಿ ಗೋಡೆಯಿಂದ ಒಂದು ಗೇಣು ದೂರ ಇಡಿ, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಪಾಲಿಶ್ ಒಂದು ಕೈ. ಹುಳು ಇದ್ದ ಸಾಮಾನಿಗೆ ಎರಡು ವರ್ಷ ಕಾಗದದ ಪರೀಕ್ಷೆ ಮಾಡುತ್ತಲೇ ಇರಿ. ಮೊನ್ನೆ ಕುರ್ಚಿಯನ್ನು ಎತ್ತಿ ನೋಡಿದೆ. ಎಡಗಾಲಿನ ಕೆಳಗೆ ಹಾಸಿದ್ದ ಕಪ್ಪು ಕಾಗದದ ಮೇಲೆ ಈ ಸಲವೂ ಪುಡಿ ಇರಲಿಲ್ಲ.